ಪಾಯದ ಫೋಟೋದಲ್ಲಿ ನಾನಿಲ್ಲ

ಸಮನ್ಸ್ ಬಂದಾಗ ನಾನು ಶಾಲೆಯ ಅಡುಗೆಮನೆಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದೆ. ಬಿಸಿಯೂಟದ ಕೆಲಸ ನನ್ನದು. ಕೋರ್ಟಿನಿಂದ ಬಂದವನು ಸಹಿ ಹಾಕಿಸಿಕೊಂಡು, "ಮುಂದಿನ ತಿಂಗಳು ವಾಯಿದೆ ಐತೆ, ಆಲೂರು ಕೋರ್ಟಿಗೆ ಬನ್ನಿ" ಎಂದು ಹೇಳಿ ಬೈಕ್ ಹತ್ತಿದ. ಪ್ರತಿವಾದಿ ಅಂತ ನನ್ನ ಹೆಸರು. ವಾದಿ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಪಂಚಾಯಿತಿಯಿಂದ ನನಗೆ ಮಂಜೂರಾದ ಮನೆ ತನ್ನದು, ನಾನು ಅದರ ತಂಟೆಗೆ ಬರಬಾರದು ಎಂದು ಅವಳ ಕೇಸು. ಹಾಕಿಸಿದವನು ಮೈದುನ ಎಂಬುದು ಊರಿಗೆಲ್ಲ ಗೊತ್ತು.

ನನ್ನ ಗಂಡ ಎಸ್ಟೇಟಿನಲ್ಲಿ ಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ದು ತೀರಿಹೋದರು. ಎರಡು ವರ್ಷ ಕಳೆದ ಮೇಲೆ ಗ್ರಾಮಸಭೆಯಲ್ಲಿ, ಗಂಡ ಸತ್ತ ಹೆಂಗಸರಿಗೆ ಮೊದಲು ಎಂದು ನನ್ನ ಹೆಸರು ಓದಿದರು. ಪಾಳ್ಯದ ಆಚೆ ನಮ್ಮ ಹಳೇ ಮನೆಯ ಪಕ್ಕದಲ್ಲೇ, ಅತ್ತೆ ಬದುಕಿದ್ದಾಗಲೇ ನನಗೆಂದು ತೋರಿಸಿದ್ದ ಜಾಗವಿತ್ತು. ಅಲ್ಲಿ ಪಾಯ ತೆಗೆದೆವು.

ಗುದ್ದಲಿ ಪೂಜೆಗೆ ಯಾರು ನಿಲ್ಲಬೇಕು? ಮುತ್ತೈದೆ. ಅದನ್ನು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನೇ ಅರಿಶಿನ ಕುಂಕುಮದ ಹರಿವಾಣವನ್ನು ಓರಗಿತ್ತಿಯ ಕೈಗಿಟ್ಟು ಹಲಸಿನ ಮರದ ಕಡೆ ಸರಿದೆ. ಅದೇ ಹೊತ್ತಿಗೆ ಪಂಚಾಯಿತಿಯವನು ಮೊಬೈಲ್ ಹಿಡಿದು ಬಂದ. ಮನೆ ಪಡೆದವರು ಪಾಯದ ಪಕ್ಕದಲ್ಲಿ ನಿಂತ ಫೋಟೋ ಸರ್ಕಾರಕ್ಕೆ ಹೋಗಬೇಕಂತೆ.

"ಯಾರ್ರೀ ಮನೆಯೋರು? ಬೇಗ ನಿಂತ್ಕಳಿ, ಇನ್ನೂ ನಾಲ್ಕು ಕಡೆ ಹೋಗ್ಬೇಕು."

"ಅವ್ಳೇ ನಿಂತ್ಕಳ್ಳಿ ಬುಡಪ್ಪ, ಸುಭ ಕಾರ್ಯ" ಎಂದವಳು ನಾನು. ಇದೇ ನನ್ನ ನಾಲಿಗೆ. ಕಿತ್ತು ಬಿಸಾಕಬೇಕು ಅನ್ನಿಸುತ್ತದೆ.

ಗೋಡೆ ಎದ್ದಾಗ ಪಂಚಾಯಿತಿಯವನು ಮೊದಲಿನ ಫೋಟೋದಲ್ಲಿದ್ದವರೇ ಬರಲಿ ಎಂದ, ಅವಳೇ ನಿಂತಳು. ಸೂರು ಹಾಕಿದಾಗಲೂ ಅವಳೇ. ಒಕ್ಕಲಿನ ದಿನ ಹಾಲುಕ್ಕಿಸಿದವಳೂ ಅವಳೇ. ಹಾಲುಕ್ಕಿಸಿದವರು ಆ ರಾತ್ರಿ ಅಲ್ಲೇ ಮಲಗಬೇಕು ಎಂದು ಮೈದುನ ಚಾಪೆ ತಂದ. ಮರುದಿನ ಪಾತ್ರೆ ತಂದ, ಅದರ ಮರುದಿನ ಟಿವಿ. ನಾನು ಇವತ್ತಿಗೂ ಹಳೇ ಮನೆಯಲ್ಲೇ ಇದ್ದೇನೆ, ಹಿಂದಿನ ಗೋಡೆ ಕುಸಿದಿದೆ, ತಗಡು ನಿಲ್ಲಿಸಿಕೊಂಡಿದ್ದೇನೆ. ಬಿಟ್ಟುಕೊಡಿ ಎಂದು ಕೇಳಿದ್ದಕ್ಕೆ ಕೋರ್ಟು. ಕಟ್ಟಿಸಿದ್ದು ನಾವು, ಬೇಕಾದರೆ ಫೋಟೋ ನೋಡಿ ಅಂತ. ಥೂ, ಕೈಯಾರೆ ಕೆಟ್ಟೆ.

ಆಲೂರಿನಲ್ಲಿ ಔಷಧಿ ಅಂಗಡಿಯ ಮಹಡಿಯ ಮೇಲೆ ಒಬ್ಬರು ವಯಸ್ಸಾದ ವಕೀಲರಿದ್ದಾರೆ. ಗಂಡನ ಮರಣಪತ್ರ, ವಿಧವಾ ವೇತನದ ಆದೇಶ, ಗ್ರಾಮಸಭೆಯ ಪಟ್ಟಿ, ರೇಷನ್ ಕಾರ್ಡು ಎಲ್ಲವನ್ನೂ ಅಕ್ಕಿಚೀಲದಲ್ಲಿ ಸುತ್ತಿಕೊಂಡು ಹೋದೆ. ಮೂರು ಸಲ ಹೋದೆ. ಒಂದು ಸಲ ಜೆರಾಕ್ಸ್ ಮಸುಕು, ಇನ್ನೊಂದು ಸಲ ಅವರಿಗೇ ಜ್ವರ. ಬಸ್ಸಿಗೆ ಕಾದು ಕಾದು ಕಾಲು ಸೋತವು. ಮೂರನೇ ಸಲ ಅವರು ಕಾಗದಗಳನ್ನೆಲ್ಲ ನೋಡಿ ಕನ್ನಡಕ ತೆಗೆದರು.

"ಎಲ್ಲಾ ಸರಿಯಾಗೈತೆ ಕಣಮ್ಮ. ಒಂದೇ ಮಾತು. ನಿಮ್ಮ ಮನೆ ಪಾಯದ ಫೋಟೋದಲ್ಲಿ ನೀವು ಯಾಕಿಲ್ಲ?"

ಗಂಡ ಸತ್ತವಳೆಂದು ಕೊಟ್ಟ ಮನೆ, ಗಂಡ ಸತ್ತವಳೆಂದು ಹಿಂದೆ ನಿಂತೆ. ಇದನ್ನು ಆ ಗಂಡಸಿನ ಮುಂದೆ ಹೇಗೆ ಹೇಳುವುದು? ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು.

"ಮೊದಲ್ನೇ ದಿನ ಏನೂ ಕೇಳೋದಿಲ್ಲ. ಅಕಸ್ಮಾತ್ ಕೇಳಿದ್ರೆ, ಅವತ್ತು ಜ್ವರ ಬಂದಿತ್ತು ಅಂದ್ಬುಡಿ" ಎಂದರು ವಕೀಲರು.

ಸರಿ, ಜ್ವರ. ಶಾಲೆಯಲ್ಲಿ ನನ್ನ ಜೊತೆ ಅಡುಗೆ ಮಾಡುವವಳು ಅದನ್ನು ನನಗೆ ಗಿಣಿಪಾಠ ಮಾಡಿಸಿದಳು. ಸಾಂಬಾರಿನ ಸೌಟು ಹಿಡಿದು ಎದುರು ಪಾರ್ಟಿಯ ವಕೀಲನಾದಳು.

"ಯಾಕಮ್ಮ ನೀನು ಫೋಟೋದಲ್ಲಿಲ್ಲ?"

"ಜ್ವರ ಬಂದಿತ್ತು."

"ಎಷ್ಟು ದಿನ ಬಂದಿತ್ತು?"

"ಮೂರು ದಿನ."

"ಹಂಗಾರೆ ಗೋಡೆ ಫೋಟೋಕ್ಕೆ?"

"ಆಗ್ಲೂ ಜ್ವರ."

"ಸೂರಿಗೆ?"

ನನಗೆ ನಗು ಬಂತು, ಅವಳಿಗೂ ಬಂತು. "ಅಯ್ಯೋ ಮಾರಾಯ್ತಿ, ಮನೆ ಕಟ್ಟೋಗಂಟ ಜ್ವರ ಬಂದಿದ್ರೆ ನೀನು ಬದುಕ್ತಿದ್ದಾ?" ಎಂದು ಸೌಟನ್ನು ತಪ್ಪಲೆಗೆ ಇಳಿಸಿದಳು. ನಕ್ಕು ಮುಗಿದ ಮೇಲೆ ಸುಸ್ತಾಯಿತು. ಗೆದ್ದವನು ಸೋತ, ಸೋತವನು ಸತ್ತ ಅಂತ ಕೋರ್ಟಿನ ಬಗ್ಗೆ ಗಾದೆಯಿದೆ. ಸೋತರೆ ನನಗೆ ತಗಡು ನಿಲ್ಲಿಸಿದ ಹಳೇ ಮನೆಯ ಗೋಡೆಯೂ ಎಷ್ಟು ದಿನವೋ.

ವಾಯಿದೆಯ ದಿನ ಬೆಳಗಿನ ಬಸ್ಸಿಗೇ ಹೊರಟೆ. ಒಗೆದಿಟ್ಟಿದ್ದ ಬೂದು ಸೀರೆ ಉಟ್ಟಿದ್ದೆ. ದಾರಿಯುದ್ದಕ್ಕೂ ಜ್ವರ, ಜ್ವರ ಎಂದುಕೊಂಡೆ. ಕೋರ್ಟಿನ ಜಗಲಿಯಲ್ಲಿ ಮೈದುನ ಕಂಬಕ್ಕೆ ಒರಗಿ ಫೋನಿನಲ್ಲಿದ್ದ. ಓರಗಿತ್ತಿ ಹೂ ಮುಡಿದು, ದೊಡ್ಡ ಕುಂಕುಮ ಇಟ್ಟು ಬಂದಿದ್ದಳು. ನನ್ನನ್ನು ಕಂಡು, "ಅಕ್ಕ, ತಿಂಡಿ ಆಯ್ತಾ?" ಎಂದು ಕೇಳಿದಳು. ಮೊದಲಿನಂತೆಯೇ ಕೇಳಿದಳು. ಆಯ್ತು ಎಂದು ಸುಳ್ಳು ಹೇಳಿದೆ.

ನಮ್ಮ ಕೇಸು ಕೂಗಿದಾಗ ಮಧ್ಯಾಹ್ನವಾಗಿತ್ತು. ಬಾಗಿಲ ಹತ್ತಿರ ನಾವಿಬ್ಬರೂ ಒಟ್ಟಿಗೇ ಬಂದೆವು. ಆಗ ನೋಡಿ ನನ್ನ ಬುದ್ಧಿ: ಸರಿದು ನಿಂತು ಅವಳನ್ನು ಮುಂದೆ ಬಿಟ್ಟೆ. ಅವಳು ಒಳಗೆ ಹೋಗಿ ಮೇಜಿನ ಮುಂದೆ ನಿಂತಳು, ನಾನು ಹಿಂದೆ ಗೋಡೆಗೆ ಅಂಟಿಕೊಂಡೆ. ನ್ಯಾಯಾಧೀಶರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಓರಗಿತ್ತಿಯನ್ನು ನೋಡಿ, "ನೀವೇನಾ ಮನೆ ಮಂಜೂರಾದವರು?" ಎಂದು ಕೇಳಿದರು.

ನನ್ನ ವಕೀಲರು ತಿರುಗಿ ನನ್ನನ್ನು ಹುಡುಕಿದರು. "ಅಲ್ಲಿದ್ದಾರೆ ಮೇಡಂ, ಹಿಂದೆ."

"ಅಷ್ಟು ಹಿಂದೆ ಯಾಕಮ್ಮ ನಿಂತಿದ್ದೀರಿ?"

ಒಂದು ವಾರ ಉರು ಹೊಡೆದ ಜ್ವರ ಎಲ್ಲಿ ಹೋಯಿತೋ ಕಾಣೆ.

"ನಾನು ಗಂಡ ಇಲ್ದೋಳು ಮೇಡಂ. ಅವಳು ಮುತ್ತೈದೆ. ಅವಳು ಇರೋ ಕಡೆ ನಾನು ಮುಂದೆ ನಿಲ್ಲೋದಿಲ್ಲ. ಪಾಯದ ದಿನಾನೂ ಹಿಂಗೇ ನಿಂತಿದ್ದೆ."

ಓರಗಿತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿದಳು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಕೇಸಿನ ಬಗ್ಗೆ ಏನೂ ಹೇಳಲಿಲ್ಲ, ಮುಂದಿನ ತಿಂಗಳಿಗೆ ವಾಯಿದೆ ಹಾಕಿದರು. ಆಮೇಲೆ, "ಹಾಜರಿ ಸಹಿ ಹಾಕಬೇಕಲ್ಲ, ಮುಂದೆ ಬನ್ನಿ" ಎಂದರು.

ಓರಗಿತ್ತಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಮೇಜಿನ ತನಕ ನಡೆದೆ. ನಾಲ್ಕು ಹೆಜ್ಜೆ, ಅಷ್ಟೇ. ಹಲಸಿನ ಮರದಿಂದ ಪಾಯದ ಗುಂಡಿಗೂ ಅಷ್ಟೇ ದೂರವಿತ್ತು.