ಕೆಂಪು ಕಾಣದ ಸ್ಕ್ಯಾನರ್

ಗೆಳೆಯರೇ, ಸೂಪರ್ ಮಾರ್ಕೆಟ್ ಪೇಟೆಯ ದೊಡ್ಡ ಅಂಗಡಿಯವರು ಕೊಡುತ್ತೇವೆಂದದ್ದು ತಮ್ಮ ಕಪಾಟಿನಲ್ಲಿ ಒಂದು ಹಲಗೆ. ಕೊಡದೇ ಸತಾಯಿಸಿದ್ದೂ ಅದೇ ಹಲಗೆ. ಕಮಲಾಪುರದ ನಮ್ಮ ಮಹಿಳಾ ಸಂಘದ ಬಾಳೆಕಾಯಿ ಚಿಪ್ಸಿಗೆ ಬಾರ್‌ಕೋಡ್ ಇಲ್ಲವೆಂಬುದು ನೆಪ.

ಮೋಮಿನಪುರದಲ್ಲಿ ಮದುವೆ ಕಾರ್ಡು ಮಾಡುವ ಶಾಹೀನ್ ತನ್ನ ಕಂಪ್ಯೂಟರಿಗೆ ಬಾರ್‌ಕೋಡ್ ಫಾಂಟ್ ಹಾಕಿದಳು. ಅಂಗಡಿ ಕೊಟ್ಟ ನಂಬರಿನ ಎರಡೂ ತುದಿಗೆ ನಕ್ಷತ್ರ ಚಿಹ್ನೆ ಸೇರಿಸಿ ಟೈಪಿಸಿದಳು, ಅಂಕಿಗಳೆಲ್ಲ ಗೆರೆಗಳಾದವು. ನಮ್ಮೂರ ಕೆಂಪು ಬಾಳೆಯ ಬಣ್ಣವೇ ಇರಲೆಂದು ಹೆಂಗಸರು ಕೆಂಪಿನಲ್ಲಿ ಅಚ್ಚು ಹಾಕಿಸಿದರು.

ಇಂದು ಬೆಳಿಗ್ಗೆ ಅಂಗಡಿಯಲ್ಲಿ ಸ್ಕ್ಯಾನರ್ ಬಾಯಿ ಬಿಡಲಿಲ್ಲ. "ಇದು ರಂಗೋಲಿ ಅದರೀ, ಬಾರ್‌ಕೋಡ್ ಅಲ್ಲ," ಎಂದು ಮಾಲೀಕ ನಕ್ಕ. ನಾನು ಧಿಕ್ಕಾರ ಕೂಗಲು ಎದ್ದೆ.

"ಸುಮ್ನಿರ್ರಿ ಅಣ್ಣಾ," ಎನ್ನುತ್ತ ಸಂಘದ ಶರಣಮ್ಮ ಅಲ್ಲಿದ್ದ ಸೋಪು, ಬಿಸ್ಕೀಟು ತಿರುವಿ ನೋಡಿದಳು. "ಈ ಸೋಪಿನ ಪಾಕೀಟು ಕೆಂಪದ, ಗೆರಿ ಮಾತ್ರ ಕರ್ರಗ ಅವ. ಈ ಮಷೀನಿನ ದೀಪನೂ ಕೆಂಪದ. ಕೆಂಪು ಬೆಳಕಿಗಿ ಕೆಂಪು ಗೆರಿ ಹ್ಯಾಂಗ ಕಾಣಬೇಕ್ರಿ?"

ಮಧ್ಯಾಹ್ನ ಶಾಹೀನ್ ಅದನ್ನೇ ಕಪ್ಪಿನಲ್ಲಿ ಅಚ್ಚು ಹಾಕಿಕೊಟ್ಟಳು. ಸ್ಕ್ಯಾನರ್ 'ಟಿಂವ್' ಎಂದಿತು.

"ರಂಗೋಲಿ ಮಾತಾಡ್ತು ನೋಡ್ರಿ ಸಾಹುಕಾರ್ರ!" ಎಂದಳು ಶರಣಮ್ಮ.

ನನ್ನ ಇಷ್ಟು ವರ್ಷದ ಘೋಷಣೆಗಳನ್ನು ಆಕೆಯ ಎರಡು ಕಣ್ಣುಗಳ ಮುಂದೆ ಕೆಳಗಿಟ್ಟೆ. ಹಲಗೆ ಸಿಕ್ಕಿದೆ, ಆದರೆ ನೆಲಕ್ಕೆ ತಾಗಿದ್ದು. ಮೇಲಿನ ಹಲಗೆ ಕೇಳಲು ಸಭೆ: ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕಮಲಾಪುರದಲ್ಲಿ, ಶರಣಮ್ಮನ ಅಂಗಳದಲ್ಲಿ.