ಪಟ್ಟಿಯಲ್ಲಿಲ್ಲದ ಸಾಲು

ಕಂಟೇನರ್ ಎಂದರೆ ಒಂದೇ ಕಂಪ್ಯೂಟರಿನೊಳಗೆ ಗೋಡೆ ಹಾಕಿ ಮಾಡಿದ ಕೋಣೆ. ಪ್ರತಿ ಕೋಣೆಯನ್ನೂ ಹೊಸದಾಗಿ ಕಟ್ಟುವುದಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ತುಂಬಿ ಸಿದ್ಧಪಡಿಸಿದ ಮೂಲಪ್ರತಿಯಿಂದ ನಕಲು ತೆಗೆಯುತ್ತೇವೆ. ಅದೇ ಟೆಂಪ್ಲೇಟ್. ನಿವೃತ್ತಿಯ ನಂತರ ಅಹಮದಾಬಾದಿನ ಕಂಪನಿಯೊಂದರಲ್ಲಿ ನನಗೆ ಈ ಕೆಲಸ ಸಿಕ್ಕಿತು. ಪ್ರತಿ ತಿಂಗಳ ಮೊದಲ ಸೋಮವಾರ ಹೊಸದನ್ನು ಮಾಡಿ, ಹಳೆಯ ಲಾಗ್ ದಾಖಲೆ, ಗುಪ್ತ ಕೀಲಿಗಳನ್ನೆಲ್ಲ ಅಳಿಸಿ, ವಡೋದರಾ ಮತ್ತು ಸೂರತ್ ಕಚೇರಿಗಳಿಗೆ ಕಳಿಸುತ್ತಿದ್ದೆ. ಅಳಿಸಬೇಕಾದವುಗಳ ಪಟ್ಟಿ ಹದಿನಾಲ್ಕು ಸಾಲಿನದು. ಬೇರೆಯವರು ಒಂದು ಸಾಲು ತಪ್ಪಿಸಿದರೂ ನಾನು ಸುಮ್ಮನಿರುತ್ತಿರಲಿಲ್ಲ.

ಆ ಸಲ ಕೆಲಸವನ್ನು ಭಾನುವಾರವೇ ವಸ್ತ್ರಾಪುರದ ಮನೆಯಲ್ಲಿ ಆರಂಭಿಸಿದೆ. ಪಕ್ಕದಲ್ಲಿ ಮೊಮ್ಮಗಳಿದ್ದಳು. ಅವಳಿಗೆ ಕನ್ನಡ ಓದಲು ಬಾರದು. ಕಂಪ್ಯೂಟರಿಗಾದರೂ ನಮ್ಮ ಭಾಷೆ ಬರುತ್ತದೆಂದು ತೋರಿಸಲು ಟೆಂಪ್ಲೇಟಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆ.

"ಏನ್ ಬರ್ದಿದೆ ಅಜ್ಜ?"

ಓದಿ ಹೇಳಿದೆ. ಮರುದಿನ ಹದಿನಾಲ್ಕೂ ಸಾಲಿಗೆ ಗುರುತು ಹಾಕಿ ಕಳಿಸಿದೆ. ಭಾಷೆ ಆ ಪಟ್ಟಿಯಲ್ಲಿರಲಿಲ್ಲ.

ಹೊಸ ಟೆಂಪ್ಲೇಟನ್ನು ಮೊದಲು ಬಳಸಿದ್ದು ವಡೋದರಾ. ಎರಡು ವಾರದ ಮೇಲೆ ಅಲ್ಲಿಂದ ಫೋನ್ ಬಂತು. ಮಾತಾಡಿದವಳು ಅಲ್ಲಿನ ಕಂಟೇನರುಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ಎರಡು ಮಕ್ಕಳ ತಾಯಿ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹನ್ನೊಂದು ದಿನದಿಂದ ಬ್ಯಾಕಪ್ ಆಗಿಲ್ಲ, ಏನೋ ಕೆಡಿಸಿದ್ದಾಳೆ ಎಂದು ಮ್ಯಾನೇಜರ್ ಅವಳನ್ನು ಕೆಲಸದಿಂದ ಬಿಡಿಸಲು ಹೊರಟಿದ್ದರು.

"ನಾನೇನೂ ಮುಟ್ಟಿಲ್ಲ ಸರ್. ಡಿಸ್ಕೇ ಖಲಾಸ್ ಅನ್ಸುತ್ತೆ. ತಾರೀಖಿನ ಜಾಗದಲ್ಲಿ ಯಾರೋ ಜಿಲೇಬಿ ಸುತ್ತಿದಾರೆ, ನೋಡಿ," ಎಂದು ಫೋಟೊ ಕಳಿಸಿದಳು.

'ಮಾರ್ಚ್' ಎಂದು ಸ್ಪಷ್ಟ ಕನ್ನಡದಲ್ಲಿತ್ತು. ಬ್ಯಾಕಪ್ ತೆಗೆಯುವ ಪ್ರೋಗ್ರಾಮ್ ತಿಂಗಳ ಇಂಗ್ಲಿಷ್ ಹೆಸರನ್ನು ಹುಡುಕಿ, ಸಿಗದೆ, ಸದ್ದಿಲ್ಲದೆ ನಿಂತುಬಿಟ್ಟಿತ್ತು.

ಇಡೀ ಕಂಪನಿಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಭಾಷೆಯ ಆ ಸಾಲು ತಿದ್ದಿ ಹೊಸ ಟೆಂಪ್ಲೇಟ್ ಕಳಿಸಿದ್ದರೆ ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ. ತಪ್ಪು ಅವಳ ಮೇಲೆಯೇ ಉಳಿಯುತ್ತಿತ್ತು. ಆ ಯೋಚನೆ ನನಗೆ ಬಂತು ಎಂಬುದನ್ನೂ ಇಲ್ಲಿ ಬರೆಯಬೇಕು. ಎದುರಿಗಿದ್ದ ಚಹಾ ಆರುವವರೆಗೆ ಅದು ನನ್ನಲ್ಲಿತ್ತು.

ಮರುದಿನ ಬೆಳಗಿನ ರೈಲಿಗೆ ವಡೋದರಾಕ್ಕೆ ಹೋಗಿ, ಅವಳ ಎದುರಿಗೇ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ.

"ಕಾಕಾ, ನೀವಾ? ನಮಗೆಲ್ಲ ಪಾಠ ಹೇಳೋರು ನೀವು!" ಎಂದರು ಅವರು. ಅವಳು ನನ್ನತ್ತ ನೋಡಲಿಲ್ಲ. ಆ ವಾರವೇ ಅವಳ ಕೆಲಸ ಖಾಯಂ ಆಯಿತು.

ಈಗ ನಾನು ಮಾಡಿದ ಟೆಂಪ್ಲೇಟಿನಿಂದ ಅವಳು ಮೊದಲು ಒಂದು ಕಂಟೇನರ್ ತೆಗೆದು, ಬ್ಯಾಕಪ್ ಓಡಿಸಿ ನೋಡುತ್ತಾಳೆ. ಅವಳು ಒಪ್ಪದೆ ಅದು ಎಲ್ಲಿಗೂ ಹೋಗುವುದಿಲ್ಲ. ಹಾಗೆ ಕೇಳಿಕೊಂಡವನು ನಾನೇ. ಕಳೆದ ತಿಂಗಳಿನದನ್ನು ಎರಡು ದಿನ ತಡೆಹಿಡಿದಳು. ಅವಳು ಕೊಟ್ಟ ಕಾರಣ ಸರಿಯಾಗಿತ್ತು.