ನಿಂಬೆಹಣ್ಣಲ್ಲ, ಗಾಳಿ

ಕಾಕಾನ ಹಳೇ ಜೀಪು ಉಳಿದದ್ದು ದಸರಾದ ನಿಂಬೆಹಣ್ಣಿನಿಂದ ಅಂತ ನಮ್ಮ ಬಳಗದಲ್ಲಿ ಎಲ್ಲರೂ ಹೇಳುತ್ತಾರೆ. ಚಕ್ರದಡಿ ಹಣ್ಣು ಒಡೆಯಿತು, ದೃಷ್ಟಿ ಹೋಯಿತು, ಜೀಪು ಕುಣಿಯುವುದು ನಿಂತಿತು. ನನ್ನ ತಕರಾರು ಒಂದೇ: ಕುಣಿತ ನಿಂತದ್ದು ಹಬ್ಬದ ಹಿಂದಿನ ದಿನ. ಹಣ್ಣು ಆಗಿನ್ನೂ ಮಾರ್ಕೆಟ್ಟಿನಲ್ಲಿತ್ತು.

ಹೋದ ವರ್ಷದ ಮಾತು. ಮರಾಠಿ ಸೀಮೆಯ ನಿಗಡಿಯಲ್ಲಿ, ಕಾಕಾನ ಮನೆಯಲ್ಲಿದ್ದುಕೊಂಡೇ ನಾನು ಕಾಲೇಜಿಗೆ ಹೋಗುವುದು. ಕಾಕಾ ಮೊದಲು ಕಟ್ಟಡದ ಮೇಸ್ತ್ರಿ. ಕೊಂಢವಾದಿಂದ ಕೆಲಸದವರನ್ನು ಆ ಜೀಪಿನಲ್ಲೇ ತುಂಬಿಕೊಂಡು ಗುಡ್ಡದ ಸೈಟುಗಳಿಗೆ ಹೋಗುತ್ತಿದ್ದರು. ಈಗ ಆ ಕೆಲಸ ಬಿಟ್ಟಿದ್ದಾರೆ, ಜೀಪು ಬಿಟ್ಟಿಲ್ಲ. ಆದರೆ ಕಲ್ಲಿನ ದಾರಿ ಬಂತೆಂದರೆ ಅದು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು.

"ಇದರಾಗ ಕುಂತ್ರ ಬೆನ್ನೆಲಬು ಒಂದೊಂದ ಹೆಸರು ಹೇಳ್ತಾವ. ನಾ ಇನ್ನ ಹತ್ತಂಗಿಲ್ಲ," ಅಂತ ಕಾಕಿ ಹಟ ಹಿಡಿದರು. ಜೀಪು ಮಾರುವುದೆಂದು, ದಸರಾ ಸಂಜೆ ಖಡಕಿಯಿಂದ ಗಿರಾಕಿ ಬರುವುದೆಂದು ಠರಾವಾಯಿತು. ಕಾಕಾ ಊಟಕ್ಕೆ ಕೂತರೂ ರೊಟ್ಟಿ ಮುರಿಯುತ್ತಿರಲಿಲ್ಲ.

"ಜೀಪಿಗೆ ವಯಸ್ಸಾತು," ಅಂದರು.

"ಪುರಾವೆ ಏನ್ರಿ? ಟೈರಿನ್ಯಾಗ ಗಾಳಿ ಎಷ್ಟದ?"

"ನಲವತ್ತು. ಮೊದಲಿಂದ ಅಷ್ಟ. ಕಮ್ಮಿ ಮಾಡಿದ್ರ ಅದು ಗಾಡಿ ಅಲ್ಲ, ಸೊರಗಿದ ಎಮ್ಮಿ."

"ಮೊದಲಿಂದ ಅನ್ನೋದು ವಾದ ಅಲ್ರಿ ಕಾಕಾ, ಚಟ."

ಒಳಗಿನಿಂದ ಕಾಕಿ ಕೂಗಿದರು: "ಅವರ ತಲಿ ತಿನ್ನಬ್ಯಾಡವಾ, ರೊಟ್ಟಿ ತಿನ್ನು."

ಹಬ್ಬದ ಹಿಂದಿನ ಮುಂಜಾನೆ, ಟೈರು ತಣ್ಣಗಿದ್ದಾಗಲೇ, ಅದರ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದೆ. ಮನೆ ಮುಂದಿನ ಡಾಂಬರಿನ ಮೇಲೆ ಕಾಕಾ ಸ್ವಲ್ಪ ದೂರ ನೆಟ್ಟಗೆ ಓಡಿಸಿದರು. ಗೆರೆ ನಡುವೆ ಮಾತ್ರ ಅಳಿಸಿತ್ತು, ಅಂಚುಗಳಲ್ಲಿ ಹಾಗೇ ಉಳಿದಿತ್ತು. ಅಂದರೆ ಟೈರು ಉಬ್ಬಿ ಬರೀ ಹೊಟ್ಟೆಯ ಮೇಲೆ ಓಡುತ್ತಿತ್ತು! ನಾಲ್ಕೂ ಟೈರಿನಿಂದ ಸ್ವಲ್ಪ ಗಾಳಿ ಬಿಟ್ಟೆ, ಹೊಸ ಗೆರೆ, ಮತ್ತೆ ಓಟ. ಇನ್ನೂ ಸ್ವಲ್ಪ ಬಿಟ್ಟೆ. ಗಾಳಿ ಅಳೆಯುವ ಮೀಟರು ಇಪ್ಪತ್ತಾರಕ್ಕೆ ಬಂದಾಗ ಗೆರೆ ಅಂಚಿನಿಂದ ಅಂಚಿಗೆ ಒಂದೇ ಸಮ ಅಳಿಸಿತು. ಕಾಲೇಜಿನ ಯಾವ ಚರ್ಚಾಸ್ಪರ್ಧೆ ಗೆದ್ದಾಗಲೂ ನಾನು ಅಷ್ಟು ಹಿಗ್ಗಿದ್ದಿಲ್ಲ.

"ಕಾಕಿ, ಒಂದ ಸಲ ಬರ್ರಿ. ಕುಣೀತಂದ್ರ ನಾನ ಮಾರಸ್ತೀನಿ."

ಕಾಕಿ ಕಂಬಿ ಬಿಗಿಹಿಡಿದು, ಕಣ್ಣುಮುಚ್ಚಿ ಕೂತರು. ಹಳೇ ಸೈಟುಗಳ ಗುಡ್ಡಕ್ಕೆ ಹೊರಟೆವು. ಅದರ ಕಡೆಯ ತಿರುವಿನಲ್ಲಿ ಬರೀ ಸಡಿಲ ಕಲ್ಲು. ಅಲ್ಲೇ ಜೀಪು ಪ್ರತಿಸಲ ಹಾರಿ, ಜಾರಿ, ನಿಲ್ಲುತ್ತಿದ್ದದ್ದು. ಕಾಕಾ ಗೇರು ಇಳಿಸಿದರು. ಟೈರು ಕಲ್ಲನ್ನು ತಬ್ಬಿಕೊಂಡು, ತಬ್ಬಿಕೊಂಡು ಮೇಲೇರಿತು. ಕಾಕಿ ಒಂದು ಕಣ್ಣು ತೆರೆದರು. "ಬಂದ್ವೇನು? ಗಾಡಿ ಕೆಳಗ ಇಳಸ್ರಿ, ಇನ್ನೊಮ್ಮೆ ಹತ್ತೂಣು."

ಕಾಕಾ ಅಲ್ಲೇ ಗಿರಾಕಿಗೆ ಫೋನು ಮಾಡಿ ಮರಾಠಿಯಲ್ಲಿ ಕ್ಷಮೆ ಕೇಳಿದರು.

ನಾನು ಗೆದ್ದ ಹುರುಪಿನಲ್ಲಿ ಬಿಡಲಿಲ್ಲ. "ಆ ನಲವತ್ತು ಎಲ್ಲಿಂದ ಬಂತ್ರಿ?"

"ಹಿಂದ ಹನ್ನೆರಡು ಮಂದಿ ಕೂಡ್ತಿದ್ರು, ಮ್ಯಾಲ ಸಿಮೆಂಟಿನ ಚೀಲ. ಅಷ್ಟು ಬೇಕಾಗ್ತಿತ್ತು."

ಹಾಗಾದರೆ ನಲವತ್ತು ಆಗ ಸರಿಯಾಗೇ ಇತ್ತು. ಆ ಹನ್ನೆರಡು ಮಂದಿ ಯಾವತ್ತೋ ಬೇರೆ ಬೇರೆ ಊರು ಹಿಡಿದಿದ್ದರು. ಜೀಪಿನ ಹಿಂಭಾಗ ನಾನು ನೋಡಿದಾಗಿನಿಂದಲೂ ಖಾಲಿ. ಕಾಕಾ ಮಾತ್ರ ತಪ್ಪದೆ ಪಂಪಿಗೆ ಹೋಗಿ ಗಾಳಿ ತುಂಬಿಸಿಕೊಂಡು ಬರುತ್ತಿದ್ದರು. ಗುಡ್ಡ ಇಳಿಯುವಾಗ ನಾನೊಂದು ಪ್ರಶ್ನೆ ಕೇಳಿದೆ. ಅವರು ಹಿಂಬದಿ ಕಾಣುವ ಕನ್ನಡಿ ಸರಿಮಾಡಿಕೊಂಡರು. ಅದಕ್ಕೇ ಇಲ್ಲಿ ಮತ್ತೆ ಕೇಳುತ್ತಿದ್ದೇನೆ:

ಕಾಕಾ, ಇಷ್ಟು ವರ್ಷ ಅಷ್ಟು ಗಾಳಿ ಯಾರು ಬಂದು ಕೂಡ್ತಾರಂತ ತುಂಬಸ್ತಿದ್ರಿ?